ಅಡ್ಡ ಮಲಗಿರೋ ಬುದ್ಧಿಹಲ್ಲು: ತೆಗೆಸೋ ಮುಂಚೆ ಏನು, ತೆಗೆಸಿದ ಮೇಲೆ ಏನು?

ಬನಶಂಕರಿ_ಬಸ್‌ಸ್ಟ್ಯಾಂಡ್
ತಮ್ಮನಿಗೆ ಕೆಳಗಿನ ಎಡಗಡೆ ಬುದ್ಧಿಹಲ್ಲು ಅಡ್ಡ ಮಲಗಿದೆ. ಓಪಿಜಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣೋ) ಎಕ್ಸ್‌ರೇ ಆಗಿದೆ. ಮೂಳೆ ಸ್ವಲ್ಪ ಕೊರೆದು ತೆಗೀಬೇಕು ಅಂದಿದ್ದಾರೆ. ಪೂರ್ತಿ ಪ್ರಜ್ಞೆ ತಪ್ಪಿಸಲ್ಲ, ಬರೀ ಮರಗಟ್ಟೋ ಇಂಜೆಕ್ಷನ್. ಶುಕ್ರವಾರ ಸಂಜೆ ಮಾಡಿಸಿ ಸೋಮವಾರ ಆಫೀಸಿಗೆ ಹೋಗ್ತೀನಿ ಅನ್ನೋದು ಅವನ ಲೆಕ್ಕ. ಮನೇಲಿ ಒಬ್ಬೊಬ್ಬರದು ಒಂದೊಂದು ಮಾತು: ಖಾಲಿ ಹೊಟ್ಟೇಲಿ ಹೋಗು, ಐಸ್ ಇಡು, ಬಿಸಿ ಶಾಖ ಕೊಡು, ಉಪ್ಪುನೀರು ಮುಕ್ಕಳಿಸು, ಲವಂಗದ ಎಣ್ಣೆ ಹಚ್ಚು. ಇದರಲ್ಲಿ ಯಾವುದು ಸರಿ, ಯಾವಾಗ? "ನಮ್ಮ ಮನೇಲೂ ಹಿಂಗೇ ಆಗಿತ್ತು" ಅನ್ನೋ ಕತೆಗಳು ಬೇಡ ಗುರುಗಳೇ. ಕಾರಣ ಸಮೇತ ಹೇಳೋರು ಬನ್ನಿ.

ಟಿನ್‌ಫ್ಯಾಕ್ಟರಿ_ಸಿಗ್ನಲ್
ಶುಕ್ರವಾರ ಸಂಜೆ ಅನ್ನೋದೇ ಮೊದಲ ತಪ್ಪು.

ದವಡೆ_ಡಾಕ್ಟ್ರು
ಮೇಲಿನವರು ಹೇಳಿದ್ದು ಸರಿ, ಕಾರಣ ನಾನು ಹೇಳ್ತೀನಿ. ಮೂಳೆ ಕೊರೆದು ತೆಗೆದ ಹಲ್ಲಿನ ಊತ ಅವತ್ತೇ ಪೂರ್ತಿ ಬರಲ್ಲ, 48ರಿಂದ 72 ಗಂಟೆಗೆ ಶಿಖರ ಮುಟ್ಟುತ್ತೆ. ಶುಕ್ರವಾರ ಸಂಜೆ ಮಾಡಿಸಿದರೆ ಕೆನ್ನೆ ಅತಿ ದಪ್ಪ ಆಗೋದು ಭಾನುವಾರ ಸಂಜೆಯಿಂದ ಸೋಮವಾರದೊಳಗೆ. ಭಾನುವಾರ ಬಹಳಷ್ಟು ಕ್ಲಿನಿಕ್ ಬಾಗಿಲು ಹಾಕಿರುತ್ತೆ, ಸೋಮವಾರ ತಮ್ಮನವರು ಅದೇ ಮುಖ ಹೊತ್ತು ಮೀಟಿಂಗ್‌ನಲ್ಲಿ ಕೂರ್ತಾರೆ. ಜೊತೆಗೆ ಸಂಜೆ ಆದರೆ ಮರಗಟ್ಟಿದ್ದು ಇಳಿಯೋದು ಮಲಗೋ ಹೊತ್ತಿಗೆ, ರಕ್ತ ಸೋರಿದರೂ ತಿಳಿಯೋದು ಮಧ್ಯರಾತ್ರಿ.

ವಾರದ ಮಧ್ಯೆ, ಬೆಳಿಗ್ಗೆ ಹೊತ್ತು ಕೇಳಿ. ಮಂಗಳವಾರ ಬೆಳಿಗ್ಗೆ ಆದರೆ ಮೂರನೇ ನಾಲ್ಕನೇ ದಿನ ತೊಂದರೆ ಕಂಡರೂ ಶುಕ್ರ ಶನಿವಾರ ಡಾಕ್ಟ್ರು ಸಿಗ್ತಾರೆ. ಮೂರು ದಿನ ರಜೆ ಇಟ್ಟುಕೊಳ್ಳಿ, ಒಂದೆರಡು ದಿನ ಮನೆಯಿಂದ ಕೆಲಸ.

ಹೊಟ್ಟೆ ವಿಷಯ: ಬರೀ ಮರಗಟ್ಟೋ ಇಂಜೆಕ್ಷನ್ ಆದರೆ ಖಾಲಿ ಹೊಟ್ಟೇಲಿ ಹೋಗಲೇಬಾರದು. ಭಯ, ಹಸಿವು, ಸೂಜಿ ಮೂರೂ ಸೇರಿದರೆ ಕುರ್ಚಿ ಮೇಲೇ ತಲೆ ಸುತ್ತಿ ಬೀಳೋರು ಎಷ್ಟೋ ಜನ. ಒಂದೆರಡು ಗಂಟೆ ಮುಂಚೆ ಇಡ್ಲಿನೋ ದೋಸೆನೋ ತಿಂದು ಹೋಗಲಿ. ಉಪವಾಸ ಬೇಕಾಗೋದು ನಿದ್ದೆ ಬರಿಸಿ ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡೋದಾದರೆ ಮಾತ್ರ. ಆಗ ಗಟ್ಟಿ ಆಹಾರ 6 ಗಂಟೆ, ಬರೀ ನೀರು 2 ಗಂಟೆ ಮುಂಚೆ ನಿಲ್ಲಿಸ್ತಾರೆ.

ಕುಡ್ಲದ_ಹುಡುಗಿ
ಓಪಿಜಿ ಸಾಕಾ ಮಾರಾಯ್ರೆ? ಕೆಲವು ಕಡೆ ಸಿಬಿಸಿಟಿ ಅಂತ ಇನ್ನೊಂದು ಸ್ಕ್ಯಾನ್ ಬರೀತಾರಲ್ಲ, ಅದು ದುಡ್ಡು ಮಾಡ್ಲಿಕ್ಕೆ ಅಂತ ನನ್ನ ಡೌಟು.

ದವಡೆ_ಡಾಕ್ಟ್ರು
ಎಲ್ಲರಿಗೂ ಬೇಡ, ಕೆಲವರಿಗೆ ಬೇಕೇ ಬೇಕು. ಕೆಳದವಡೆ ಮೂಳೆಯೊಳಗೆ ಒಂದು ಕಾಲುವೆ ಇದೆ. ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡೋ ನರ ಅದರಲ್ಲೇ ಹೋಗೋದು. ಓಪಿಜಿಯಲ್ಲಿ ಆ ಕಾಲುವೆಯ ಬಿಳಿ ಗೆರೆ ಬೇರಿನ ಹತ್ತಿರ ಅಳಿಸಿಹೋದ ಹಾಗೆ ಕಂಡರೆ, ಅಥವಾ ಬೇರು ಕಾಲುವೆ ಮೇಲೆ ಹಾಯೋ ಜಾಗ ಕಪ್ಪಾಗಿ ಕಂಡರೆ, ಎರಡೂ ತಾಗಿಕೊಂಡಿರಬಹುದು ಅಂತ ಅರ್ಥ. ಓಪಿಜಿ ಚಪ್ಪಟೆ ಚಿತ್ರ. ನರ ಬೇರಿನ ಕೆನ್ನೆ ಕಡೆ ಇದೆಯೋ ನಾಲಿಗೆ ಕಡೆ ಇದೆಯೋ ಅದರಲ್ಲಿ ತಿಳಿಯಲ್ಲ, ಸಿಬಿಸಿಟಿ ಮೂರು ಆಯಾಮದ ಸ್ಕ್ಯಾನ್, ಅದರಲ್ಲಿ ತಿಳಿಯುತ್ತೆ. ತೀರಾ ಅಂಟಿಕೊಂಡಿದ್ದರೆ ಹಲ್ಲಿನ ತಲೆ ಭಾಗ ಮಾತ್ರ ಕತ್ತರಿಸಿ ತೆಗೆದು ಬೇರನ್ನ ಅಲ್ಲೇ ಬಿಡೋ ಕ್ರಮವೂ ಇದೆ, ಕರೊನೆಕ್ಟಮಿ ಅಂತ.

ಡಾಕ್ಟ್ರ ಹತ್ರ "ನರ ಎಷ್ಟು ಹತ್ತಿರ ಇದೆ, ಎಕ್ಸ್‌ರೇಲಿ ತೋರಿಸಿ" ಅಂತ ನೇರವಾಗಿ ಕೇಳಿ. ತೋರಿಸೋಕೆ ಬೇಜಾರು ಮಾಡಿಕೊಂಡರೆ ಬೇರೆ ಕಡೆ ಹೋಗಿ.

ಮಾರ್ಕೆಟ್_ಮೆಟ್ರೊ
ದುಡ್ಡಿನ ಮಾತು ಬಂತಲ್ಲ, ಅದಕ್ಕೆ: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ಮೆಟ್ರೊ ಹಸಿರು ಲೈನ್‌ನಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ಗೆ ಇಳಿದರೆ ಹತ್ತಿರ. ವಿ.ವಿ. ಪುರಂ, ಜೆ.ಪಿ. ನಗರ, ಕುಮಾರಸ್ವಾಮಿ ಲೇಔಟ್ ಕಡೆ ಖಾಸಗಿ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ಓರಲ್ ಸರ್ಜರಿ ವಿಭಾಗದ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಉಸ್ತುವಾರೀಲಿ ಮಾಡ್ತಾರೆ, ಕ್ಲಿನಿಕ್‌ಗಿಂತ ಖರ್ಚು ಎಷ್ಟೋ ಕಮ್ಮಿ. ಆದ್ರೆ ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಹೋದ ದಿನವೇ ಹಲ್ಲು ತೆಗೀತಾರೆ ಅಂದ್ಕೋಬೇಡಿ. ಆಫೀಸಿನ ಹೆಲ್ತ್ ಇನ್ಶೂರೆನ್ಸ್ ನಂಬಿ ಕೂರೋ ಮುಂಚೆ ಪಾಲಿಸಿ ಓದಿ. ಅಪಘಾತದಲ್ಲಿ ಪೆಟ್ಟಾದ ಹಲ್ಲು ಬಿಟ್ಟರೆ ದಂತ ಚಿಕಿತ್ಸೆಯನ್ನ ಹೊರಗಿಟ್ಟಿರೋ ಪಾಲಿಸಿಗಳೇ ಜಾಸ್ತಿ.

ಗಾಂಧಿಬಜಾರ್_ಗೀತಕ್ಕ
ಮಧ್ಯೆ ಬಾಯಿ ಹಾಕ್ತೀನಿ. ಅಮ್ಮನಿಗೂ ಒಂದು ದವಡೆ ಹಲ್ಲು ಕೀಳಿಸಬೇಕು. ಇಕೋಸ್ಪ್ರಿನ್ 75 (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಆಸ್ಪಿರಿನ್) ತಗೋತಾರೆ, ಶುಗರ್ ಇದೆ, ಮೂಳೆ ಸವೆತಕ್ಕೆ ವರ್ಷಕ್ಕೊಂದು ಡ್ರಿಪ್ ಹಾಕಿಸ್ಕೋತಾರೆ. ಇಕೋಸ್ಪ್ರಿನ್ 5 ದಿನ ಮುಂಚೆ ನಿಲ್ಲಿಸಿ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ.

ಟಿನ್‌ಫ್ಯಾಕ್ಟರಿ_ಸಿಗ್ನಲ್
ಪಕ್ಕದ ಮನೆಯವರು ಡಿ.ಎಂ. ಕಾರ್ಡಿಯಾಲಜಿನಾ?

ದವಡೆ_ಡಾಕ್ಟ್ರು
ಗೀತಕ್ಕ, ಮೂರಕ್ಕೂ ಬೇರೆ ಬೇರೆ ಉತ್ತರ.

ಇಕೋಸ್ಪ್ರಿನ್ ನೀವಾಗೇ ನಿಲ್ಲಿಸಬೇಡಿ. ಒಂದೆರಡು ಹಲ್ಲು ತೆಗೆಯೋಕೆ ಸಾಮಾನ್ಯವಾಗಿ ಅದನ್ನ ಮುಂದುವರಿಸಿಯೇ ಮಾಡ್ತಾರೆ. ಹಲ್ಲಿನ ಗುಳಿಯಲ್ಲಿ ಸೋರೋ ರಕ್ತವನ್ನ ಗಾಜ್ (ಗಾಯಕ್ಕೆ ಇಡೋ ತೆಳು ಹತ್ತಿಬಟ್ಟೆ) ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಇರೋರು ಮಾತ್ರೆ ಬಿಟ್ಟು ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಆ ಆಟವೇ ಬೇರೆ. ವಾರ್ಫರಿನ್ (ರಕ್ತ ತೆಳು ಮಾಡೋ ಇನ್ನೊಂದು ಮಾತ್ರೆ) ತಗೊಳ್ಳೋರು ಹಿಂದಿನ ದಿನ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಪರೀಕ್ಷೆ ಮಾಡಿಸಿ ರಿಪೋರ್ಟ್ ಹಿಡಿದು ಹೋಗಬೇಕು.

ಶುಗರ್: ಬೆಳಗಿನ ಹೊತ್ತು ತಗೊಳ್ಳಿ, ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿ ಹೋಗಲಿ. ಮಾತ್ರೆ ನುಂಗಿ ತಿಂಡಿ ಬಿಡೋದು ಎಲ್ಲಕ್ಕಿಂತ ಅಪಾಯ. ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್ ಜೊತೇಲಿರಲಿ.

ಇನ್ನು ಆ ಡ್ರಿಪ್. ನೀವು ಕೊನೇಲಿ ಹೇಳಿದಿರಿ, ನಾನು ಮೊದಲು ಕೇಳಬೇಕಾದ್ದು ಅದನ್ನೇ. ವರ್ಷಕ್ಕೊಂದು ಸಲ ಅಂದರೆ ಬಹುಶಃ ಜೋಲೆಡ್ರೋನಿಕ್ ಆಸಿಡ್. ವಾರಕ್ಕೊಂದು ಆಲೆಂಡ್ರೋನೇಟ್ ಮಾತ್ರೆ, ಆರು ತಿಂಗಳಿಗೊಂದು ಡೆನೋಸುಮ್ಯಾಬ್ ಇಂಜೆಕ್ಷನ್ ಕೂಡ ಇದೇ ಸಾಲಿಗೆ ಸೇರಿದ್ದು. ಇವು ಮೂಳೆ ಕರಗೋದನ್ನ ತಡೆಯುತ್ತವೆ. ಅದೇ ಕಾರಣಕ್ಕೆ ಹಲ್ಲು ಕಿತ್ತ ಜಾಗದ ಮೂಳೆ ರಿಪೇರಿ ಆಗೋದೂ ನಿಧಾನ. ಕೆಲವರಲ್ಲಿ ಗಾಯ ಮುಚ್ಚದೆ ದವಡೆ ಮೂಳೆ ಬಾಯೊಳಗೆ ತೆರೆದುಕೊಂಡು ವಾರಗಟ್ಟಲೆ ಹಾಗೇ ಉಳಿಯುತ್ತೆ. ಮೂಳೆ ಸವೆತದ ಡೋಸಿನಲ್ಲಿ ಇದು ಅಪರೂಪ, ಕ್ಯಾನ್ಸರ್‌ಗೆ ಕೊಡೋ ಡೋಸಿನಲ್ಲಿ ಜಾಸ್ತಿ. ಹಲ್ಲು ಕೀಳೋರಿಗೂ ಡ್ರಿಪ್ ಬರೆದೋರಿಗೂ ಇಬ್ಬರಿಗೂ ತಿಳಿಸಿ. ಡೆನೋಸುಮ್ಯಾಬ್ ಆದರೆ ಹೆದರಿಕೊಂಡು ತಾವೇ ನಿಲ್ಲಿಸೋದೂ ತಪ್ಪು, ನಿಲ್ಲಿಸಿದ ಮೇಲೆ ಬೆನ್ನುಮೂಳೆ ಮುರಿಯೋ ಸಾಧ್ಯತೆ ಹೆಚ್ಚುತ್ತೆ.

ಗಾಂಧಿಬಜಾರ್_ಗೀತಕ್ಕ
ಡ್ರಿಪ್ ವಿಷಯ ಹಲ್ಲಿನ ಡಾಕ್ಟ್ರಿಗೆ ಯಾಕೆ ಅಂತ ಹೇಳೇ ಇರಲಿಲ್ಲ. ನಾಳೆ ಫೋನ್ ಮಾಡ್ತೀನಿ.

ಜಯನಗರ_4ನೇ_ಬ್ಲಾಕ್
ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತೆ ಅಂತಾರಲ್ಲ, ಅದೂ ಹೇಳಿಬಿಡಿ.

ವಸಡು_ವಿಚಾರ
ಆಗಲ್ಲ. ಮೇಲಿನ ಹಲ್ಲಿಗೆ ಬರೋದು ಮುಖದ ಸ್ಪರ್ಶದ ನರದ ಕವಲು, ನೋಟದ ನರ ಕಣ್ಣಿನ ಹಿಂದಿನಿಂದ ನೇರ ಮೆದುಳಿಗೆ ಹೋಗೋ ಬೇರೆಯೇ ನರ. ಹಲ್ಲು ಕೀಳಿಸೋ ವಯಸ್ಸೂ ಪೊರೆ ಬರೋ ವಯಸ್ಸೂ ಒಂದೇ ಆಗಿರೋದ್ರಿಂದ ಹುಟ್ಟಿದ ನಂಬಿಕೆ. ಕೀವು ತುಂಬಿದ ಮೇಲಿನ ಹಲ್ಲನ್ನ ಕೀಳಿಸದೆ ಬಿಟ್ಟರೆ ಸೋಂಕು ಕಣ್ಣಿನ ಸುತ್ತ ಹರಡಬಹುದು, ಹೆದರಬೇಕಾದ್ದು ಅದಕ್ಕೆ.

ತಮ್ಮನ ವಿಷಯಕ್ಕೆ ಬರ್ತೀನಿ. ಹಲ್ಲು ತೆಗೆದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪೇ ಮೂಳೆಗೆ ಹೊದಿಕೆ, ಅದರ ಮೇಲೇ ಹೊಸ ಮಾಂಸ ಬೆಳೆಯೋದು. ಮೊದಲ ದಿನದ ಕಟ್ಟುಪಾಡೆಲ್ಲ ಇರೋದು ಅದನ್ನ ಅಲ್ಲೇ ಉಳಿಸೋಕೆ.

ಗಾಜ್ 45 ನಿಮಿಷದಿಂದ ಒಂದು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡೀಬೇಕು. ಐದೈದು ನಿಮಿಷಕ್ಕೆ ತೆಗೆದು "ನಿಂತಿದೆಯಾ" ಅಂತ ನೋಡಿದರೆ ಪ್ರತಿ ಸಲ ಹೆಪ್ಪು ಕಿತ್ತು ಬರುತ್ತೆ. ಉಗುಳಬಾರದು. ಬಾಯಿಗೆ ಬಂದಿದ್ದನ್ನ ನುಂಗಬೇಕು, ಅಸಹ್ಯ ಅನಿಸಿದರೂ. ಸ್ಟ್ರಾ ಹಾಕಿ ಹೀರಬಾರದು. ಎಳನೀರಿನವನ ಹತ್ರ ಲೋಟಕ್ಕೆ ಬಗ್ಗಿಸಿಕೊಡಪ್ಪ ಅನ್ನಿ. 24 ಗಂಟೆ ಬಾಯಿ ಮುಕ್ಕಳಿಸೋ ಹಾಗಿಲ್ಲ, ಉಪ್ಪುನೀರೂ ಇಲ್ಲ. ಸಿಗರೇಟು ಕನಿಷ್ಠ ಮೂರು ದಿನ ಬೇಡ, ವಾರ ಬಿಟ್ಟರೆ ಒಳ್ಳೇದು.

ಎಂಜಲು ಒಂದು ದಿನ ಗುಲಾಬಿ ಬಣ್ಣಕ್ಕಿದ್ದರೆ ಗಾಬರಿ ಬೇಡ, ಒಂದು ತೊಟ್ಟು ರಕ್ತ ಬಾಯಿ ತುಂಬಾ ಎಂಜಲನ್ನ ಕೆಂಪು ಮಾಡುತ್ತೆ. ಬಾಯಲ್ಲಿ ಹಸಿ ರಕ್ತ ತುಂಬಿಕೊಳ್ತಾ ಇದ್ದರೆ ಶುದ್ಧ ಗಾಜ್ ಬಟ್ಟೆಯನ್ನ ಒದ್ದೆ ಮಾಡಿ, ದಪ್ಪ ಮಡಿಚಿ, ಸರಿಯಾಗಿ ಗುಳಿಯ ಮೇಲೆ ಇಟ್ಟು ಅರ್ಧ ಗಂಟೆ ಕಚ್ಚಿ. ಬಹಳ ಜನ ಗಾಜ್ ಬಟ್ಟೆಯನ್ನ ಪಕ್ಕದ ಹಲ್ಲಿನ ಮೇಲಿಟ್ಟು ಕಚ್ತಾರೆ. ಒತ್ತಡವೆಲ್ಲ ಹಲ್ಲಿಗೆ, ಗುಳಿಗೆ ಏನೂ ಇಲ್ಲ. ಒಣ ಗಾಜ್ ಇಟ್ಟರೆ ಹೆಪ್ಪು ಅದಕ್ಕೇ ಅಂಟಿಕೊಂಡು ಈಚೆ ಬರುತ್ತೆ.

ಧಾರವಾಡದ_ಮಂದಿ
ಐಸೋ ಶಾಖೋ ಅದನ್ನ ಹೇಳಲಿಲ್ಲಲ್ರೀ.

ವಸಡು_ವಿಚಾರ
ಮೊದಲ 24 ಗಂಟೆ ಐಸ್, ಕೆನ್ನೆ ಹೊರಗಡೆ, ಬಟ್ಟೇಲಿ ಸುತ್ತಿ, 15 ನಿಮಿಷ ಇಟ್ಟು 15 ನಿಮಿಷ ಬಿಟ್ಟು. ಆ ದಿನ ಶಾಖ ಕೊಟ್ಟರೆ ರಕ್ತನಾಳ ಹಿಗ್ಗಿ ಸೋರಿಕೆ ಜಾಸ್ತಿ. ಎರಡು ದಿನ ಕಳೆದ ಮೇಲೆ ದವಡೆ ಬಿಗಿತಕ್ಕೆ ಬೆಚ್ಚಗಿನ ಶಾಖ ಆಗಬಹುದು. ಕೀವಿನ ಗುಮಾನಿ ಇದ್ದರೆ ಯಾವತ್ತೂ ಬೇಡ. ರಾತ್ರಿ ತಲೆ ಎತ್ತರಕ್ಕಿರಲಿ, ಎರಡು ದಿಂಬು.

24 ಗಂಟೆ ಆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಪ್ರತಿ ಊಟದ ನಂತರ. ಗಳಗಳ ಅಂತ ಮುಕ್ಕಳಿಸಬೇಡಿ. ನೀರು ಬಾಯಲ್ಲಿಟ್ಟುಕೊಂಡು ತಲೆ ಆ ಕಡೆ ಈ ಕಡೆ ವಾಲಿಸಿ, ಸಿಂಕಿಗೆ ಬಗ್ಗಿ ಬಾಯಿ ತೆರೆದರೆ ತಾನೇ ಸುರಿದುಹೋಗುತ್ತೆ. ಕ್ಲೋರ್‌ಹೆಕ್ಸಿಡಿನ್ (ಬಾಯಿ ಮುಕ್ಕಳಿಸೋ ಔಷಧಿ) ಬರೆದಿದ್ದರೆ ದಿನಕ್ಕೆ ಎರಡು ಸಲ, ಪೇಸ್ಟ್ ಹಾಕಿ ಉಜ್ಜಿ ಅರ್ಧ ಗಂಟೆ ಬಿಟ್ಟು. ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತೆ. ಎರಡು ವಾರ ದಾಟಿಸಬೇಡಿ, ಹಲ್ಲಿಗೆ ಕಂದು ಕಲೆ ಕೂರುತ್ತೆ.

ಮಾತ್ರೆ_ಚೀಟಿ
ಮೆಡಿಕಲ್ ಶಾಪ್ ಕೌಂಟರಿನ ಈ ಕಡೆ ನಿಂತು ಹೇಳ್ತಿದ್ದೀನಿ, ಕೇಳಿ. ನೋವಿಗೆ ಬೇರೆ ಬೇರೆ ಹೆಸರಿನ ಮಾತ್ರೆ ಕಲಸೋದು ದಿನಾ ನೋಡೋ ತಪ್ಪು. ಡಾಕ್ಟ್ರು ಜೆರೋಡಾಲ್ ಎಸ್‌ಪಿ ಬರೆದಿರ್ತಾರೆ, ಅದರಲ್ಲೇ ಪ್ಯಾರಸಿಟಮಾಲ್ 325 ಇದೆ. ಮನೇಲಿ ಡೋಲೋ 650 ಇರುತ್ತೆ (ನಮ್ಮ ಬೆಂಗಳೂರಿನ ಕಂಪನಿಯದ್ದೇ, ಅಂತ ಲೆಕ್ಕ ತಪ್ಪಿ ನುಂಗೋ ಹಾಗಿಲ್ಲ). ಅದರ ಮೇಲೆ ಯಾರೋ ಕಾಂಬಿಫ್ಲಾಮ್ ಕೊಡ್ತಾರೆ, ಅದರಲ್ಲಿ ಐಬುಪ್ರೊಫೆನ್ 400, ಮತ್ತೆ ಪ್ಯಾರಸಿಟಮಾಲ್ 325. ಮೂರನ್ನೂ ಮೂರು ಹೊತ್ತು ನುಂಗಿದರೆ ಪ್ಯಾರಸಿಟಮಾಲ್ 3,900 ಮಿಲಿಗ್ರಾಂ, ದಿನದ ಗಡಿ 4,000ಕ್ಕೆ ತಾಗಿಹೋಯ್ತು. ಲಿವರ್ ತೊಂದರೆ ಇರೋರಿಗೆ, ಕುಡಿಯೋರಿಗೆ ಗಡಿ ಇನ್ನೂ ಕೆಳಗೆ. ಜೊತೆಗೆ ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಒಂದೇ ಜಾತಿ. ಒಟ್ಟಿಗೆ ಹೋದರೆ ನೋವು ಅಷ್ಟೇ ಕಮ್ಮಿ, ಹೊಟ್ಟೆಗೆ ಮಾತ್ರ ಎರಡು ಪಟ್ಟು ಏಟು.

ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಇಂಥ ಮಾತ್ರೆಗೆ ಉಬ್ಬಸ ಬರೋ ಆಸ್ತಮಾ ಇದ್ದರೆ ಮೊದಲೇ ಹೇಳಿ, ಬೇರೆ ಬರೀತಾರೆ. ಮೊದಲ ಮಾತ್ರೆಯನ್ನ ಮರಗಟ್ಟಿದ್ದು ಇಳಿಯೋ ಮುಂಚೆ, ಏನಾದರೂ ತಿಂದು ನುಂಗಬೇಕು. ನೋವು ಶುರುವಾದ ಮೇಲೆ ನುಂಗಿದರೆ ಅದು ಹಿಡಿಯೋವರೆಗೆ ಗೋಡೆ ನೋಡ್ತಾ ಕೂರಬೇಕು. ಮೆಟ್ರೊನಿಡಜೋಲ್ ಅನ್ನೋ ಆಂಟಿಬಯಾಟಿಕ್ ಬರೆದಿದ್ದರೆ ಬಾಯಿ ಕಬ್ಬಿಣದ ರುಚಿ ಬರುತ್ತೆ, ಅದು ಮಾಮೂಲಿ. ಮುಗಿಯೋವರೆಗೂ, ಮುಗಿದು ಎರಡು ಮೂರು ದಿನದವರೆಗೂ ಎಣ್ಣೆ ಬೇಡ. ಅಡುಗೆ ಎಣ್ಣೆ ಅಲ್ಲ, ಆ ಎಣ್ಣೆ.

ಟಿನ್‌ಫ್ಯಾಕ್ಟರಿ_ಸಿಗ್ನಲ್
ಎಸ್‌ಪಿ ಅಂದರೆ ಊತ ಇಳಿಸೋ ಸೆರಾಶಿಯೋಪೆಪ್ಟಿಡೇಸ್ ತಾನೇ? ಅದು ಕೆಲಸ ಮಾಡುತ್ತಾ?

ಮಾತ್ರೆ_ಚೀಟಿ
ಪುರಾವೆ ತೆಳು. ಜಪಾನಿನಲ್ಲಿ ಹುಟ್ಟಿದ ಔಷಧಿ, ಬರೀ ಹುಸಿಮಾತ್ರೆಗಿಂತ ಮೇಲೇನೂ ಕಾಣದೆ 2011ರಲ್ಲಿ ಅಲ್ಲಿನ ತಯಾರಕರೇ ಮಾರುಕಟ್ಟೆಯಿಂದ ವಾಪಸ್ ತಗೊಂಡರು. ಇಲ್ಲಿ ಇನ್ನೂ ಭರ್ಜರಿ ಓಡ್ತಿದೆ.

ದವಡೆ_ಡಾಕ್ಟ್ರು
ಊತಕ್ಕೆ ನಿಜವಾಗಿ ಕೆಲಸ ಮಾಡೋದು ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್, ಸರ್ಜರಿ ಹೊತ್ತಿಗೆ ಒಂದು ಡೋಸ್. ಶುಗರ್ ಇರೋರಿಗೆ ಒಂದೆರಡು ದಿನ ಶುಗರ್ ಏರುತ್ತೆ, ಅದಕ್ಕೇ ಎಲ್ಲರಿಗೂ ಕೊಡಲ್ಲ.

ಜಯನಗರ_4ನೇ_ಬ್ಲಾಕ್
ಆಂಟಿಬಯಾಟಿಕ್ 5 ದಿನ ಎಲ್ಲರಿಗೂ ಬೇಕಾ?

ದವಡೆ_ಡಾಕ್ಟ್ರು
ಸುಲಭಕ್ಕೆ ಬಂದ ಹಲ್ಲು, ಆರೋಗ್ಯವಂತ ಮನುಷ್ಯ ಆದರೆ ಬೇಡ. ಮೂಳೆ ಕೊರೆದಿದ್ದರೆ, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ, ಮೊದಲೇ ಸೋಂಕಿದ್ದರೆ ಬೇಕಾಗಬಹುದು. ಹೃದಯದ ಕವಾಟ ಬದಲಾಯಿಸಿದೋರಿಗೆ ಲೆಕ್ಕ ಬೇರೆ, ಅಲರ್ಜಿ ಇಲ್ಲದಿದ್ದರೆ ಹಲ್ಲು ತೆಗೆಯೋ ಅರ್ಧದಿಂದ ಒಂದು ಗಂಟೆ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ.

ವಸಡು_ವಿಚಾರ
ಇಲ್ಲಿ ನನ್ನ ತಕರಾರು ಇದೆ ಡಾಕ್ಟ್ರೇ. ಮೂಳೆ ಕೊರೆದ ಕೂಡಲೇ 5 ದಿನ ಬರೆಯೋದು ಅಭ್ಯಾಸಬಲ. ಎಷ್ಟೋ ಕೇಸಲ್ಲಿ ಮುಂಚಿನ ಒಂದು ಡೋಸ್ ಸಾಕು.

ದವಡೆ_ಡಾಕ್ಟ್ರು
ಒಪ್ಪಿದೆ. ಆದ್ರೆ ಒಂದೂವರೆ ಗಂಟೆ ಕೊರೆದ ಕೇಸಿಗೆ ನಾನು ಬರೆದೇ ಬರೀತೀನಿ.

ಮುದ್ದೆ_ಮಹಾರಾಜ
ಎಲ್ಲಾ ಸರಿ, ಊಟದ ಮಾತೇ ಬರಲಿಲ್ಲ. ರಾಗಿಮುದ್ದೆ ಹೇಗೂ ಅಗಿಯೋ ಹಾಗಿಲ್ಲ, ನುಂಗೋದೇ. ಹಲ್ಲು ಕೀಳಿಸಿದೋರಿಗೆ ಇದಕ್ಕಿಂತ ಊಟ ಉಂಟಾ?

ಪಥ್ಯ_ಪಾಕ
ನಗಬೇಡಿ, ಮಾತು ಅರ್ಧ ಸರಿ. ಮೊದಲ ದಿನ ಬೇಡ. ಮುದ್ದೆ ಮೆತ್ತಗಿರೋದು ಬಿಸಿ ಇದ್ದಾಗ, ಆರಿದರೆ ಗಟ್ಟಿ. ಬಿಸಿಯಾಗಿ ನುಂಗಿದರೆ ಹೆಪ್ಪಿಗೆ ಕೆಟ್ಟದ್ದು, ಉಪ್ಪುಸಾರಿನ ಖಾರ ಹಸಿ ಗಾಯಕ್ಕೆ ಉರಿ. ಬಾಯಿ ಎರಡು ಬೆರಳಗಲ ತೆರೆಯೋನು ತುತ್ತು ಇಡೋದಾದರೂ ಹೇಗೆ? ಅವತ್ತಿಗೆ ತಣ್ಣಗಿನ ರಾಗಿ ಅಂಬಲಿ, ಮಜ್ಜಿಗೆ ಬೆರೆಸಿ. ಒಗ್ಗರಣೆ ಹಾಕದೆ ಚೆನ್ನಾಗಿ ಕಿವುಚಿದ ಮೊಸರನ್ನ, ಯಾಕಂದ್ರೆ ಸಾಸಿವೆ ಕಾಳು ಗುಳಿಗೆ ಹೊಕ್ಕರೆ ತೆಗೆಯೋದು ಕಷ್ಟ. ಹಾಲಲ್ಲಿ ನೆನೆಸಿದ ಇಡ್ಲಿ, ಬಾಳೆಹಣ್ಣು, ಕಪ್ ಐಸ್‌ಕ್ರೀಂ. ಕೋನ್ ಬೇಡ, ಗೋಡಂಬಿ ಇರೋದೂ ಬೇಡ. ಎರಡನೇ ದಿನದಿಂದ ತಿಳಿಸಾರನ್ನ, ಹೆಸರುಬೇಳೆ ಪೊಂಗಲ್ ಮೆಣಸು ಹಾಕದೆ, ಮೆತ್ತಗಿನ ಬೇಯಿಸಿದ ಮೊಟ್ಟೆ. ಮೂರನೇ ದಿನ ಬಾಯಿ ತೆರೆಯೋಕೆ ಬಂದರೆ ಚಿಕ್ಕ ಚಿಕ್ಕ ತುತ್ತು ಮುದ್ದೆ, ಸಪ್ಪೆ ಬಸ್ಸಾರು, ಉಗುರುಬೆಚ್ಚಗೆ.

ಹತ್ತು ದಿನ ದೂರ ಇರಬೇಕಾದ್ದು ಚುರುಮುರಿ, ಕೋಡುಬಳೆ, ಕಡಲೆಕಾಯಿ, ರವೆ ಉಪ್ಪಿಟ್ಟು. ಕಾಫಿ ಅವತ್ತು ಬೇಡ, ಮಾರನೇ ದಿನ ಆರಿಸಿಕೊಂಡು.

ಮುದ್ದೆ_ಮಹಾರಾಜ
ಆರಿದ ಕಾಫಿ ಕುಡಿಯೋದಕ್ಕಿಂತ ಹಲ್ಲೇ ಇಟ್ಕೋತೀನಿ.

ಟಿನ್‌ಫ್ಯಾಕ್ಟರಿ_ಸಿಗ್ನಲ್
ಯಾರೂ ಹೇಳದ ಒಂದು: ಬೈಕಲ್ಲಿ ಹೋಗಬೇಡಿ. ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್ಟಿನ ಕೆನ್ನೆ ಪ್ಯಾಡು ಸರಿಯಾಗಿ ಹೊಲಿಗೆ ಇರೋ ಜಾಗಕ್ಕೆ ಒತ್ತುತ್ತೆ. ಹಾಕುವಾಗ, ತೆಗೆಯುವಾಗ ಎರಡು ಸಲ ಉಜ್ಜುತ್ತೆ. ಬಾಯಲ್ಲಿ ಗಾಜ್ ಕಚ್ಚಿಕೊಂಡು ನಮ್ಮ ರಸ್ತೆ ಹಂಪ್ ಹಾರಿದರೆ ಇನ್ನೇನು ಬೇಕು. ಆಟೋ ಅಥವಾ ಮೆಟ್ರೊ, ಜೊತೆಗೊಬ್ಬರು.

ಧಾರವಾಡದ_ಮಂದಿ
ಮೂರನೇ ದಿನ ನೋವು ಜಾಸ್ತಿ ಆತು ಅಂದ್ರ ಏನು ಮಾಡಬೇಕ್ರೀ? ಲವಂಗದ ಎಣ್ಣಿ ಹಾಕಬೇಕೇನು?

ದವಡೆ_ಡಾಕ್ಟ್ರು
ನೋವು ದಿನದಿಂದ ದಿನಕ್ಕೆ ಇಳೀಬೇಕು. ಇಳೀತಾ ಇದ್ದದ್ದು ಮೂರನೇ ನಾಲ್ಕನೇ ದಿನ ತಿರುಗಿ ಏರಿ, ಕಿವಿವರೆಗೆ ಹೊಡೆದು, ಬಾಯಿ ಕೆಟ್ಟ ವಾಸನೆ ಬಂದರೆ ಡ್ರೈ ಸಾಕೆಟ್ ಇರಬಹುದು. ಹೆಪ್ಪು ಕರಗಿಯೋ ಕಿತ್ತುಹೋಗಿಯೋ ಮೂಳೆ ಬೆತ್ತಲಾಗಿರುತ್ತೆ. ಕೆಳಗಿನ ಬುದ್ಧಿಹಲ್ಲು, ಸಿಗರೇಟು, ಗರ್ಭನಿರೋಧಕ ಮಾತ್ರೆ ಇದ್ದ ಕಡೆ ಹೆಚ್ಚು. ಅದಕ್ಕೆ ಆಂಟಿಬಯಾಟಿಕ್ ನುಂಗಿ ಪ್ರಯೋಜನ ಇಲ್ಲ. ಗುಳಿ ತೊಳೆದು ಔಷಧಿಯ ಪಟ್ಟಿ ತುಂಬಬೇಕು, ಹೆಚ್ಚಿನವರಿಗೆ ಅರ್ಧ ಗಂಟೇಲಿ ಆರಾಮ. ಆ ಪಟ್ಟಿಯಲ್ಲಿ ಇರೋದು ಲವಂಗದ ಎಣ್ಣೆಯ ಸಾರವೇ, ಯೂಜಿನಾಲ್. ಹಾಗಂತ ಮನೇಲಿ ಎಣ್ಣೆ ಹುಯ್ಯಬೇಡಿ, ನೇರ ಬಿದ್ದರೆ ವಸಡು ಸುಟ್ಟು ಬಿಳಿಚುತ್ತೆ.

ಊತ ಗದ್ದದ ಕೆಳಗೆ, ಕುತ್ತಿಗೆಗೆ ಇಳಿದರೆ, ನಾಲಿಗೆ ಮೇಲೆದ್ದ ಹಾಗಾದರೆ, ಎಂಜಲು ನುಂಗೋಕೆ ಆಗದಿದ್ದರೆ, ಉಸಿರು ಕಟ್ಟಿದರೆ ಕ್ಲಿನಿಕ್ ಬಾಗಿಲು ಕಾಯಬೇಡಿ. ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ, ಇಲ್ಲ 108ಕ್ಕೆ ಕರೆ ಮಾಡಿ. ಮಾರನೇ ದಿನವೂ ತುಟಿ ಮರಗಟ್ಟಿದ ಹಾಗೇ ಇದ್ದರೆ ಫೋನ್ ಮಾಡಿ ತಿಳಿಸಿ, ಹೆಚ್ಚಿನವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತವೆ, ಆದ್ರೆ ಮೊದಲೇ ದಾಖಲಾಗಬೇಕು.

ಮಾತ್ರೆ_ಚೀಟಿ
ಮಳೆಗಾಲದ ಮಾತೊಂದು ಸೇರಿಸ್ತೀನಿ. ಸರ್ಜರಿ ದಿನ ಜ್ವರ, ಮೈಕೈ ನೋವಿದ್ದರೆ ಮುಂದಕ್ಕೆ ಹಾಕಿಸಿ. ಡೆಂಗಿ ಆಗಿದ್ದು ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತ ನಿಲ್ಲಲ್ಲ, ಮೇಲಿಂದ ಐಬುಪ್ರೊಫೆನ್ ಜಾತಿಯ ಮಾತ್ರೆ ಇನ್ನೂ ಕೆಡಿಸುತ್ತೆ.

ಬನಶಂಕರಿ_ಬಸ್‌ಸ್ಟ್ಯಾಂಡ್
ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬದಲಾಯಿಸಿಕೊಂಡ. ಆಟೋ ಅಂತಲೂ ಒಪ್ಪಿದ್ದಾನೆ. ಕೊನೇ ಎರಡು: ಹೊಲಿಗೆ ಬಿಚ್ಚುವಾಗ ನೋಯುತ್ತಾ, ಬಾಯಿ ಪೂರ್ತಿ ತೆರೆಯೋಕೆ ಎಷ್ಟು ದಿನ?

ವಸಡು_ವಿಚಾರ
ಕಪ್ಪು ರೇಷ್ಮೆ ದಾರ ಆದರೆ ಏಳನೇ ದಿನದ ಹೊತ್ತಿಗೆ ಬಿಚ್ತಾರೆ, ಚುರುಕ್ ಅಂದಷ್ಟೇ. ಕರಗೋ ದಾರ ಆದರೆ ತಾನೇ ಉದುರುತ್ತೆ. ಬಾಯಿ ಒಂದರಿಂದ ಎರಡು ವಾರದಲ್ಲಿ ಮಾಮೂಲಿಗೆ ಬರುತ್ತೆ, ಮೂರು ಬೆರಳು ಅಡ್ಡ ಹಿಡಿಸಿದರೆ ಸರಿ. ಮೂರನೇ ದಿನದ ಮೇಲೆ ಐಸ್‌ಕ್ರೀಂ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನಕ್ಕೊಂದು ಕಡ್ಡಿ ಹೆಚ್ಚಿಸ್ತಾ ಹೋಗಲಿ. ನೋವಾಗೋ ಮಟ್ಟಕ್ಕೆ ಒತ್ತೋದು ಬೇಡ. ಅಡಿಕೆ, ಗುಟ್ಕಾ ಅಭ್ಯಾಸ ಇದ್ದು ಮೊದಲೇ ಬಾಯಿ ಬಿಗಿದಿದ್ದರೆ ಸರ್ಜರಿಗೆ ಮುಂಚೆಯೇ ಹೇಳಬೇಕು, ಕೈ ಆಡಿಸೋಕೇ ಜಾಗ ಇರಲ್ಲ.

ಹೊಲಿಗೆ ಹೋದ ಮೇಲೆ ಗುಳಿಯಲ್ಲಿ ಅನ್ನದ ಅಗುಳು ಕೂರುತ್ತೆ. ಕಡ್ಡಿ ಹಾಕಿ ಕೆದಕಬೇಡಿ. 10 ಮಿಲಿ ಸಿರಿಂಜು, ಸೂಜಿ ಇಲ್ಲದ್ದು, ಬೆಚ್ಚಗಿನ ಉಪ್ಪುನೀರು ತುಂಬಿ ಊಟ ಆದ ಮೇಲೆ ಮೆಲ್ಲಗೆ ಹಾಯಿಸಿ. ಮೊದಲ ವಾರ ಇದು ಬೇಡ, ಡಾಕ್ಟ್ರು ಹೊಲಿಗೆ ನೋಡಿ ಸರಿ ಅಂದ ಮೇಲೆ ಶುರುಮಾಡಿ. ವಸಡು ಮುಚ್ಚೋಕೆ ಒಂದು ತಿಂಗಳೋ ಒಂದೂವರೆ ತಿಂಗಳೋ, ಒಳಗಿನ ಮೂಳೆ ತುಂಬೋಕೆ ನಾಲ್ಕಾರು ತಿಂಗಳು ಹಿಡಿಯುತ್ತೆ.

ಮಾತ್ರೆ_ಚೀಟಿ
ಸಿರಿಂಜಿಗೆ ಬಾಗಿದ ಪ್ಲಾಸ್ಟಿಕ್ ಮೂತಿ ಇರೋದು ಕೇಳಿ ತಗೊಳ್ಳಿ. ನೇರ ಮೂತಿ ಹಿಂದಿನ ಹಲ್ಲಿನ ಜಾಗಕ್ಕೆ ಹೋಗಲ್ಲ.